ಆ ಲಿಸ್ಟು ಯಾರ ಹತ್ರ ಇದೆ?

ಸಂಘ ಅಂತ ಒಂದು ಇದ್ದ ಮೇಲೆ ಅದರ ಮೀಟಿಂಗಿನಲ್ಲಿ ಯಾವುದಾದರೂ ಒಂದು ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ: “ಆ ಲಿಸ್ಟು ಯಾರ ಹತ್ರ ಇದೆ?” ಯುಗಾದಿ ಊಟಕ್ಕೆ ಎಷ್ಟು ಜನ ಬರ್ತಾರೆ ಅನ್ನುವುದರಿಂದ ಹಿಡಿದು, ಹೋದ ವರ್ಷ ಮೈಕ್ ಸೆಟ್ ಕೊಟ್ಟವರು ಯಾರು ಅನ್ನುವ ತನಕ ಎಲ್ಲವೂ ಆ ಲಿಸ್ಟಿನಲ್ಲಿದೆ. ಲಿಸ್ಟು ಹಿಂದಿನ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿದೆ. ಲ್ಯಾಪ್‌ಟಾಪು ಅವರ ಆಫೀಸಿನದು. ಅವರೋ ಆ ಕೆಲಸ ಬಿಟ್ಟು, ಲ್ಯಾಪ್‌ಟಾಪು ವಾಪಸ್ ಕೊಟ್ಟು, ಆಸ್ಟಿನ್‌ನಲ್ಲಿ ಮನೆ ಮಾಡಿಕೊಂಡಾಯಿತು. ಇನ್ನು ಲಿಸ್ಟು ಎಲ್ಲಿಂದ ಬರಬೇಕು, ಹೇಳಿ?

ಇದು ಒಂದು ಸಂಘದ ಕಥೆಯಲ್ಲ ಇವ್ರೇ. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ, ಸಾನ್ ಹೋಸೆಯಿಂದ ಸೋನೋಮಾವರೆಗೆ ಯಾವ ಸೇವಾ ಸಂಸ್ಥೆಯ ಬಾಗಿಲು ತಟ್ಟಿದರೂ ಇದೇ ರಾಗ. ಇಡೀ ಲೋಕಕ್ಕೆ ಕಂಪ್ಯೂಟರು, ಫೋನು, ಸರ್ಚು, ಕ್ಲೌಡು ಎಲ್ಲ ಹಂಚಿದ ಊರಿದು. ಇಲ್ಲಿ ಹಸಿದವರಿಗೆ ಅನ್ನ ಹಾಕುವವರು, ಹೊಡೆತ ತಿಂದ ಹೆಂಗಸರಿಗೆ ಆಸರೆ ಕೊಡುವವರು, ಮಕ್ಕಳಿಗೆ ಭಾನುವಾರ ಕನ್ನಡ ಹೇಳಿಕೊಡುವವರು ಯಾರೋ ಬಿಟ್ಟ ಹಳೆ ಲ್ಯಾಪ್‌ಟಾಪಿನಲ್ಲಿ, ಮತ್ಯಾರದೋ ಸ್ವಂತ ಇಮೇಲಿನಲ್ಲಿ ಕೆಲಸ ಸಾಗಿಸುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಅದೇ.

ಲಿಸ್ಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ತೆರೆದು ನೋಡಿದರೆ ಇನ್ನೊಂದು ಮಜಾ. ಇಲ್ಲಿಯ ಯಾವ ಫಾರಂ ತೆಗೆದುಕೊಳ್ಳಿ, ಹೆಸರಿಗೆ ಎರಡು ಡಬ್ಬಿ: ಮೊದಲ ಹೆಸರು, ಕೊನೆಯ ಹೆಸರು. ಎರಡಕ್ಕೂ ಕೆಂಪು ಚುಕ್ಕಿ, ತುಂಬದೆ ಮುಂದೆ ಬಿಡುವುದಿಲ್ಲ. ನಮ್ಮವರಿಗೆ ಕೊನೆಯ ಹೆಸರು ಎಲ್ಲಿಂದ ಬರಬೇಕು? ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅಷ್ಟೇ ತಾನೆ ನಮ್ಮ ಆಸ್ತಿ. ಒಬ್ಬರು ಆ ಡಬ್ಬಿಗೆ ಊರು ಹಾಕುತ್ತಾರೆ. ಇನ್ನೊಬ್ಬರು ಅಪ್ಪನ ಹೆಸರು. ಮತ್ತೊಬ್ಬರು ಬೇಜಾರಾಗಿ ತಮ್ಮ ಹೆಸರನ್ನೇ ಎರಡು ಸಲ ಬರೆದುಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಅಚ್ಚಾಗುತ್ತದೆ, ಮೊದಲ ಹೆಸರು ತಿಳಿಯದು ಅನ್ನುವುದರ ಮೂರು ಅಕ್ಷರ. ಆಮೇಲೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು ಎಲ್ಲದರಲ್ಲೂ ಅದೇ. ದೇಣಿಗೆ ಕೊಟ್ಟ ಮಹಾನುಭಾವರಿಗೆ “ಪ್ರಿಯ ಎಫ್‌ಎನ್‌ಯು ಅವರೇ” ಅಂತ ಧನ್ಯವಾದದ ಪತ್ರ ಹೋಗುತ್ತದೆ. ಒಬ್ಬರೇ ಶ್ರೀನಿವಾಸಯ್ಯನವರು ಯುಗಾದಿಗೆ ಒಂದು ಹೆಸರಲ್ಲಿ, ರಾಜ್ಯೋತ್ಸವಕ್ಕೆ ಇನ್ನೊಂದು ಹೆಸರಲ್ಲಿ, ಪ್ರವಾಹ ಪರಿಹಾರಕ್ಕೆ ಹೆಂಡತಿಯ ಇಮೇಲಿನಲ್ಲಿ ಹಣ ಕೊಟ್ಟಿರುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಮೂರು ಜನ. ಅವರನ್ನು ಮತ್ತೆ ಒಬ್ಬರನ್ನಾಗಿ ಮಾಡಲು ಅವರ ಮುಖ ಗೊತ್ತಿರುವ ಯಾರಾದರೂ ಬೇಕು, ಅಲ್ವಾ?

ಹಿಂದೆ ಲಿಸ್ಟು ಹೇಗಿತ್ತು ಅಂತ ಕೇಳಿ. ಇಲ್ಲಿಯ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಶುರುವಾದದ್ದು 1973ರಲ್ಲಿ. ಐವತ್ತು ವರ್ಷ ದಾಟಿತು ನೋಡಿ. ಆಗ ಇಮೇಲೂ ಇಲ್ಲ, ವಾಟ್ಸಾಪೂ ಇಲ್ಲ. ಕರೆಯೋಲೆಯನ್ನು ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಅಂಚೆಚೀಟಿ ಅಂಟಿಸಿ ಹಾಕುವ ಕಾಲ. ಹೊಸದಾಗಿ ಬಂದವರನ್ನು ಟೆಲಿಫೋನ್ ಡೈರೆಕ್ಟರಿಯಲ್ಲಿ ಗೌಡ, ರಾವ್, ಹೆಗಡೆ, ಪಾಟೀಲ ಅಂತ ಹುಡುಕಿ ಫೋನು ಮಾಡುತ್ತಿದ್ದರಂತೆ ಹಿರಿಯರು. ಆ ಲಿಸ್ಟು ಒಂದು ನೋಟ್‌ಬುಕ್ಕಿನಲ್ಲಿರುತ್ತಿತ್ತು. ಪದಾಧಿಕಾರಿಗಳು ಬದಲಾದಾಗ ನೋಟ್‌ಬುಕ್ಕು ಕೈಯಿಂದ ಕೈಗೆ ಹೋಗುತ್ತಿತ್ತು. ಪಾಸ್‌ವರ್ಡು ಕೇಳುತ್ತಿರಲಿಲ್ಲ.

ನೋಟ್‌ಬುಕ್ ಅಂದಾಗ ನೆನಪಾಯಿತು. ನಮ್ಮೂರಿನ ಗಣೇಶನ ಹಬ್ಬಕ್ಕೆ ಚಂದಾ ಎತ್ತುವ ಹುಡುಗರ ಕೈಯಲ್ಲಿ ಒಂದು ರಸೀದಿ ಪುಸ್ತಕ ಇರುತ್ತಿತ್ತು. ಒಂದು ಹಾಳೆ ಗುಲಾಬಿ, ಅದರ ಕೆಳಗೊಂದು ಬಿಳಿ, ನಡುವೆ ಕಾರ್ಬನ್ನು. ಐದು ರೂಪಾಯಿ ಕೊಟ್ಟವರಿಗೂ ರಸೀದಿ, ಐನೂರು ಕೊಟ್ಟವರಿಗೂ ರಸೀದಿ. ಕಾರ್ಬನ್ ಹಳೆಯದಾಗಿ ಕೆಳಗಿನ ಹಾಳೆಯಲ್ಲಿ ಏನೂ ಮೂಡದಿದ್ದರೆ ಹುಡುಗರು ಮತ್ತೆ ಒತ್ತಿ ಬರೆಯುತ್ತಿದ್ದರು. ಗಣೇಶನನ್ನು ಬಿಟ್ಟ ಮಾರನೆಯ ದಿನ ಅರಳಿಕಟ್ಟೆಯ ಮೇಲೆ ನಿಂತು ಮೇಷ್ಟ್ರು ಲೆಕ್ಕ ಓದುತ್ತಿದ್ದರು: ಸೀರಿಯಲ್ ಲೈಟಿಗೆ ಇಷ್ಟು, ಕಡಲೆ ಉಸಲಿಗೆ ಇಷ್ಟು, ಉಳಿಕೆ ಇಷ್ಟು. ಯಾರಿಗಾದರೂ ಅನುಮಾನ ಇದ್ದರೆ ಅಲ್ಲೇ ಕೇಳಬೇಕು. ಆ ಪುಸ್ತಕ ಆಮೇಲೆ ಭಜನೆಮನೆಯ ಕಪಾಟಿಗೆ ಹೋಗುತ್ತಿತ್ತು, ಯಾರೊಬ್ಬರ ಮನೆಗೂ ಅಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಕಪಾಟು ಸಂಘದ್ದಾಗಿತ್ತು ಅನ್ನುವುದಕ್ಕೆ. ಈಗ ಕಪಾಟು ಎಲ್ಲಿದೆ ಅಂತ ಕೇಳಿದರೆ ಯಾರೋ ಒಬ್ಬರ ಗೂಗಲ್ ಖಾತೆಯೊಳಗಿದೆ.

ಹಾಗಂತ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಖಂಡಿತ ಇಲ್ಲ. ಬರ್ಕ್ಲಿಯ ಸೇವಾ ಫೌಂಡೇಶನ್ ವಿಷಯವನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಸಿಡುಬು ನಿರ್ಮೂಲನಕ್ಕೆ ದುಡಿದ ಡಾಕ್ಟರ್ ಲ್ಯಾರಿ ಬ್ರಿಲಿಯಂಟ್ 1978ರಲ್ಲಿ ಗೆಳೆಯರ ಜೊತೆ ಸೇರಿ ಕಟ್ಟಿದ್ದು. ಮಧುರೈ ಅರವಿಂದ ಕಣ್ಣಾಸ್ಪತ್ರೆಯ ವೆಂಕಟಸ್ವಾಮಿಯವರೂ ಅದರಲ್ಲಿದ್ದರು. ನೇಪಾಳದಲ್ಲಿ ಎಷ್ಟು ಜನಕ್ಕೆ ಕಣ್ಣು ಕಾಣುವುದಿಲ್ಲ ಅನ್ನುವ ಸಮೀಕ್ಷೆಗೆ ಹೊರಟಾಗ ಸ್ಟೀವ್ ಜಾಬ್ಸ್ ಒಂದಿಷ್ಟು ದುಡ್ಡು ಕೊಟ್ಟರು, ಜೊತೆಗೊಂದು ಆಪಲ್ ಟು ಕಂಪ್ಯೂಟರನ್ನೂ ಕೊಟ್ಟರು. ತೊಡೆಯ ಮೇಲೆ ಇಟ್ಟುಕೊಳ್ಳುವ ಕಂಪ್ಯೂಟರಲ್ಲ ಅದು, ಮೇಜು ಬೇಕು. ಅಲ್ಲಿ ಸಮೀಕ್ಷೆಯ ಹೆಲಿಕಾಪ್ಟರಿನ ಎಂಜಿನ್ ಕೆಟ್ಟು ಕೂತಾಗ, ಆ ಕಂಪ್ಯೂಟರಿಗೆ ಟೆಲಿಫೋನ್ ತಂತಿ ಕಟ್ಟಿ, ಎಲ್ಲೆಲ್ಲೋ ಇದ್ದವರನ್ನೆಲ್ಲ ಒಂದೇ ಮಾತುಕತೆಗೆ ಕೂರಿಸಿ ಬೇರೆ ಎಂಜಿನ್ ತರಿಸಿಕೊಂಡರು. ಬ್ರಿಲಿಯಂಟ್ ಈ ಕಥೆಯನ್ನು ಎಷ್ಟೋ ಕಡೆ ಹೇಳಿದ್ದಾರೆ. ಅದರ ರುಚಿ ಹತ್ತಿಯೇ ಅವರು 1985ರಲ್ಲಿ ಸ್ಟೀವರ್ಟ್ ಬ್ರ್ಯಾಂಡ್ ಜೊತೆ ಸೇರಿ, ಗೋಲ್ಡನ್ ಗೇಟ್ ಸೇತುವೆಯ ಆಚೆ ಸಾಸಲೀಟೋದಲ್ಲಿ ‘ದಿ ವೆಲ್’ ಅನ್ನುವ ಕಂಪ್ಯೂಟರ್ ಜಗಲಿ ಕಟ್ಟಿದರು. ಜನ ಮನೆಯಲ್ಲಿ ಕೂತು ಮೋಡೆಮ್ ಹಚ್ಚಿ ಹರಟೆ ಹೊಡೆಯುವ ಜಾಗ.

ಆ ಜಗಲಿಯಲ್ಲಿ ಕೂರುತ್ತಿದ್ದವರಲ್ಲಿ ಡೇನಿಯಲ್ ಬೆನ್-ಹೋರಿನ್ ಒಬ್ಬರು. ಅವರಿಗೆ ಹೊಳೆದದ್ದು ಬಹಳ ಸರಳವಾದ ವಿಚಾರ. ಇಲ್ಲಿ ಕಂಪ್ಯೂಟರ್ ಬಲ್ಲವರು ಇಷ್ಟೊಂದು ಜನ, ಪಕ್ಕದಲ್ಲೇ ಕಂಪ್ಯೂಟರ್ ಎದುರು ಬೆವರುವ ಸೇವಾ ಸಂಸ್ಥೆಗಳು ಇಷ್ಟೊಂದು. ಇಬ್ಬರನ್ನೂ ಜೋಡಿಸಿದರೆ ಏನಾಗುತ್ತದೆ? 1987ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಕಾಂಪ್ಯುಮೆಂಟರ್’ ಹುಟ್ಟಿತು. ಅವರು ಮೊದಲು ಕೊಟ್ಟದ್ದು ಯಂತ್ರವನ್ನಲ್ಲ, ಸಾಫ್ಟ್‌ವೇರನ್ನೂ ಅಲ್ಲ, ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬ ಮನುಷ್ಯನನ್ನು. ಅದೇ ಆಮೇಲೆ ಟೆಕ್‌ಸೂಪ್ ಆಗಿ, ಕಂಪನಿಗಳು ಕೊಡುವ ಸಾಫ್ಟ್‌ವೇರನ್ನು ಪುಡಿಗಾಸಿಗೆ ಲೋಕದ ಎಷ್ಟೋ ದೇಶಗಳ ಸಂಸ್ಥೆಗಳಿಗೆ ಮುಟ್ಟಿಸುವ ದೊಡ್ಡ ಮಂಡಿಯಾಯಿತು. ಮಂಡಿ ದೊಡ್ಡದಾದದ್ದು ಸಂತೋಷವೇ. ಆದರೆ ಪಕ್ಕದಲ್ಲಿ ಕೂರುವ ಆ ಮನುಷ್ಯ ಇವತ್ತಿಗೂ ಸಿಗುವುದು ಕಷ್ಟ, ಅಲ್ವಾ?

ಹಳೆ ಲ್ಯಾಪ್‌ಟಾಪಿನ ಮಾತಿಗೆ ಬರೋಣ. ನಿಮ್ಮ ಗ್ಯಾರೇಜಿನಲ್ಲಿ ಎಷ್ಟಿವೆ? ನಮ್ಮಲ್ಲಂತೂ ಒಂದು ರಟ್ಟಿನ ಡಬ್ಬಿ ತುಂಬ ಇದೆ. ಯಾರಿಗಾದರೂ ಉಪಯೋಗ ಆಗಲಿ ಅಂತ ಸಂಘಕ್ಕೆ ಕೊಡುತ್ತೇವೆ, ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತೇವೆ. ಚಾರ್ಜರ್ ಮಾತ್ರ ಜೊತೆಗೆ ಹೋಗುವುದಿಲ್ಲ! ಅದು ಎಲ್ಲಿ ಕಳೆದುಹೋಗುತ್ತದೋ ದೇವರೇ ಬಲ್ಲ. ಹಿಂದೆಲ್ಲ ಒಂದೊಂದು ಕಂಪನಿಗೂ ಒಂದೊಂದು ತೂತು, ಒಂದಕ್ಕೆ ದುಂಡನೆಯ ಪಿನ್ನು, ಇನ್ನೊಂದಕ್ಕೆ ಚೌಕ. ಹತ್ತು ಲ್ಯಾಪ್‌ಟಾಪು ದಾನ ಬಂದರೆ ಅವಕ್ಕೆ ಹೊಂದುವ ಚಾರ್ಜರ್ ಹುಡುಕುವುದೇ ಒಬ್ಬರಿಗೆ ವಾರದ ಕೆಲಸ. ಆಮೇಲೆ ಒಳಗಿರುವುದನ್ನು ಒರೆಸಿ ತೆಗೆಯಬೇಕು, ಕೊಟ್ಟವರ ತೆರಿಗೆ ಪತ್ರ, ಮದುವೆ ಫೋಟೋ ಎಲ್ಲ ಅದರಲ್ಲೇ ಇರುತ್ತವೆ. ಸಾಲದ್ದಕ್ಕೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ ಹತ್ತನ್ನು ಮೈಕ್ರೋಸಾಫ್ಟು ಕೈಬಿಟ್ಟಿತು. ಹನ್ನೊಂದು ಹಾಕೋಣ ಅಂದರೆ ಹಳೆಯ ಯಂತ್ರದಲ್ಲಿ ಅದು ಕೇಳುವ ಚಿಪ್ಪು ಇರುವುದಿಲ್ಲ. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಒಂದೇ ದಿನದಲ್ಲಿ ಮುದುಕರ ಪಟ್ಟಿಗೆ ಸೇರಿದವು. ಲಿನಕ್ಸ್ ಹಾಕಿದರೆ ಅವೆಲ್ಲ ಇನ್ನೂ ಐದಾರು ವರ್ಷ ದುಡಿಯುತ್ತವೆ, ನನಗೆ ಅದರಲ್ಲಿ ಅನುಮಾನವೇ ಇಲ್ಲ. ಹಾಕಿಕೊಡುವವರು ಬೇಕು, ಆಮೇಲೆ ಫೋನು ಎತ್ತುವವರು ಬೇಕು.

ಓಕ್ಲೆಂಡಿನಲ್ಲಿ ಅಂಥವರೊಬ್ಬರು ಇದ್ದರು, ಬ್ರೂಸ್ ಬಕ್‌ಲೂ ಅಂತ. ಐಬಿಎಮ್‌ನಿಂದ ನಿವೃತ್ತರಾಗಿ, ಆರಾಮ ಕುರ್ಚಿ ಹಿಡಿಯುವ ಬದಲು ವೆಸ್ಟ್ ಓಕ್ಲೆಂಡಿನ ಮೆಕ್ಲಿಮಂಡ್ಸ್ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಹೋದರು. ಆಫೀಸುಗಳು ಎಸೆಯುವ ಕಂಪ್ಯೂಟರು ತಂದು, ರಿಪೇರಿ ಮಾಡಿ, ಮಕ್ಕಳ ಮನೆಗೆ ಕಳಿಸುವ ಕೆಲಸ ತೊಂಬತ್ತರ ದಶಕದಲ್ಲೇ ಶುರುಮಾಡಿದರು. ಇವತ್ತು ಅದು ಟೆಕ್ ಎಕ್ಸ್‌ಚೇಂಜ್ ಅನ್ನುವ ಸಂಸ್ಥೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಓಕ್ಲೆಂಡಿನ ಸರ್ಕಾರಿ ಶಾಲೆಯ ಸುಮಾರು 25,000 ಮಕ್ಕಳಿಗೆ ಮನೆಯಲ್ಲಿ ಕಂಪ್ಯೂಟರೋ ಇಂಟರ್ನೆಟ್ಟೋ ಇಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಬಿತ್ತು. ಆಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ಟ್ವಿಟರಿನ ಕಚೇರಿಯಿಂದ ಕೊಲ್ಲಿ ದಾಟಿದರೆ ಓಕ್ಲೆಂಡು! ‘ಓಕ್ಲೆಂಡ್ ಅನ್‌ಡಿವೈಡೆಡ್’ ಅಂತ ಹಣ ಎತ್ತಲು ಹೊರಟಾಗ ಅದೇ ಟ್ವಿಟರಿನ ಜಾಕ್ ಡಾರ್ಸಿ ಒಂದು ಕೋಟಿ ಡಾಲರ್ ಕೊಟ್ಟರು. ಬೇಕಾಗಿದ್ದದ್ದು ಒಂದೂಕಾಲು ಕೋಟಿ. ದುಡ್ಡು ಅಷ್ಟು ಬೇಗ ಬಂತು, ನಿಜ. ಆ ಲ್ಯಾಪ್‌ಟಾಪುಗಳು ಬರುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ ಒಂದು ಸ್ಕೂಲಿನ ಕೋಣೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದವರನ್ನು ನಾನು ಹೆಚ್ಚು ನೆನೆಯುತ್ತೇನೆ.

  ಲ್ಯಾಪ್‌ಟಾಪು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಮೇಲೆ ಬೇಕಾಗುವುದು ಪಾಸ್‌ವರ್ಡು.

ಪಾಸ್‌ವರ್ಡಿನ ಕಥೆಯೇ ಒಂದು ಪುರಾಣ. ಸಂಘದ ಬ್ಯಾಂಕ್ ಖಾತೆಗೆ ಹೋಗಬೇಕು ಅಂದರೆ ಖಜಾಂಚಿಯ ಮೊಬೈಲಿಗೆ ಆರಂಕಿಯ ಗುಟ್ಟು ಬರಬೇಕು. ಖಜಾಂಚಿಯವರು ತಂಗಿ ಮಗಳ ಮದುವೆಗೆ ದಾವಣಗೆರೆಗೆ ಹೋಗಿದ್ದಾರೆ. ಅಮೆರಿಕದ ಸಿಮ್ಮು ಪರ್ಸಿನಲ್ಲಿದೆ, ಫೋನಿನಲ್ಲಿ ಭಾರತದ ಸಿಮ್ಮಿದೆ. ಇಲ್ಲಿ ಸಭಾಂಗಣದವರು ಸಂಜೆ ಐದರೊಳಗೆ ಮುಂಗಡ ಕಟ್ಟಿ ಅನ್ನುತ್ತಾರೆ, ಅಲ್ಲಿ ಬೆಳಗಿನ ಜಾವ, ಎಲ್ಲರೂ ನಿದ್ದೆಯಲ್ಲಿ. ಎಬ್ಬಿಸಿ, ಸಿಮ್ಮು ಬದಲಿಸಿ, ಗುಟ್ಟು ಬಂದು, ಅದನ್ನು ಓದಿ ಹೇಳುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ! ನಮ್ಮಂಥವರಿಗೆ ಇದು ನಗುವ ಮಾತು. ಸ್ಯಾನ್‌ಫ್ರಾನ್ಸಿಸ್ಕೋದ ಟೆಂಡರ್‌ಲಾಯಿನ್ನಿಗೆ ಹೋಗಿ ನೋಡಿದರೆ ಇದೇ ಆರಂಕಿ ಅಳಿಸುತ್ತದೆ. ಬೀದಿಯಲ್ಲಿ ಮಲಗುವವರ ಫೋನು ಕಳುವಾದರೆ ನಂಬರು ಹೋಯಿತು. ನಂಬರು ಹೋದರೆ ಗುಟ್ಟು ಬರುವುದಿಲ್ಲ, ಗುಟ್ಟಿಲ್ಲದೆ ಇಮೇಲಿನ ಬಾಗಿಲು ತೆರೆಯುವುದಿಲ್ಲ, ಮನೆ ಮಂಜೂರಾಯಿತು ಅನ್ನುವ ಪತ್ರ ಆ ಇಮೇಲಿನಲ್ಲೇ ಕೊಳೆಯುತ್ತದೆ.

ಅಲ್ಲಿ ಸೇಂಟ್ ಆಂಥೋನೀಸ್ ಅಂತ ಒಂದು ಊಟದ ಮನೆ ಇದೆ, 1950ರಿಂದ ಬಂದವರಿಗೆಲ್ಲ ಅನ್ನ ಹಾಕುತ್ತಿದೆ. ಅದೇ ಸಂಸ್ಥೆ ಒಂದು ಕಂಪ್ಯೂಟರ್ ಕೋಣೆಯನ್ನೂ ನಡೆಸುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು, ಅರ್ಜಿ ಹಾಕಬಹುದು, ಊರಲ್ಲಿರುವ ಮಗಳಿಗೆ ಎರಡು ಸಾಲು ಬರೆಯಬಹುದು, ಪಕ್ಕದಲ್ಲಿ ಹೇಳಿಕೊಡುವವರು ಇರುತ್ತಾರೆ. ಅನ್ನ ಹಾಕುವವರಿಗೇ ಕಂಪ್ಯೂಟರೂ ಬೇಕು ಅನ್ನಿಸಿತಲ್ಲ, ಅದು ನನಗೆ ಬಹಳ ಹಿಡಿಸಿತು. ಯಾಕೆಂದರೆ ಈಗ ಅನ್ನವೂ ಅರ್ಜಿಯಿಂದಲೇ. ಕ್ಯಾಲಿಫೋರ್ನಿಯಾದ ಕ್ಯಾಲ್‌ಫ್ರೆಶ್ ಅನ್ನುವ ಆಹಾರ ನೆರವಿಗೆ ಹಿಂದೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಾದರೆ ಐವತ್ತಕ್ಕೂ ಹೆಚ್ಚು ಪರದೆ ದಾಟಬೇಕಿತ್ತು, ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಫೋನಿನಲ್ಲಂತೂ ಆಗುತ್ತಲೇ ಇರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜೆನಿಫರ್ ಪಾಲ್ಕಾ ಅವರು ಕಟ್ಟಿದ ‘ಕೋಡ್ ಫಾರ್ ಅಮೆರಿಕಾ’ದ ಹುಡುಗ ಹುಡುಗಿಯರು ತಾವೇ ಅರ್ಜಿ ಹಾಕಿ ನೋಡಿ, ಎಲ್ಲೆಲ್ಲಿ ಜನ ಸುಸ್ತಾಗಿ ಬಿಟ್ಟುಹೋಗುತ್ತಾರೆ ಅಂತ ಪತ್ತೆಹಚ್ಚಿ, ಫೋನಿನಲ್ಲೇ ಹತ್ತು ನಿಮಿಷಕ್ಕೆ ಮುಗಿಯುವ ಹಾಗೆ ಮಾಡಿಕೊಟ್ಟರು. ಹಸಿದವರ ಮುಕ್ಕಾಲು ಗಂಟೆಗೆ ಬೆಲೆ ಇದೆ ಅಂತ ಯಾರಿಗೋ ಅನ್ನಿಸಿದ್ದಕ್ಕೆ ಆದ ಕೆಲಸ ಇದು.

ಅರ್ಜಿ ಅಂದಾಗ ಸರ್ಕಾರದ ಇನ್ನೊಂದು ಕಾಗದವನ್ನು ಹೇಳಲೇಬೇಕು. ವರ್ಷಕ್ಕೆ ಐವತ್ತು ಸಾವಿರ ಡಾಲರಿಗಿಂತ ಹೆಚ್ಚು ಬರದ ಸಣ್ಣ ಸಂಘಗಳು ಅಮೆರಿಕದ ತೆರಿಗೆ ಇಲಾಖೆಗೆ ಒಂದು ‘ಇ-ಪೋಸ್ಟ್‌ಕಾರ್ಡ್’ ಹಾಕಬೇಕು. ಎಂಟೇ ಎಂಟು ವಿವರ, ಹೆಸರು, ವಿಳಾಸ, ಪದಾಧಿಕಾರಿಯೊಬ್ಬರು, ಹೀಗೆ. ಕಾಫಿ ಆರುವುದರೊಳಗೆ ಮುಗಿಯುತ್ತದೆ. ಸತತ ಮೂರು ವರ್ಷ ಹಾಕದಿದ್ದರೆ ಮಾತ್ರ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. 2011ರ ಜೂನ್‌ನಲ್ಲಿ ಮೊದಲ ಸಲ ಹಾಗೆ ರದ್ದಾದವರ ಪಟ್ಟಿ ಬಂದಾಗ ದೇಶದಾದ್ಯಂತ ಸುಮಾರು 2,75,000 ಸಂಸ್ಥೆಗಳು ಅದರಲ್ಲಿದ್ದವು. ಎಷ್ಟೋ ಆಗಲೇ ಬಾಗಿಲು ಹಾಕಿದ್ದವು, ಸರಿ. ಬದುಕಿದ್ದವುಗಳ ಗತಿ? ನೆನಪಿಸುವ ಕಾಗದ ಹೋಗುವುದು ಹಳೆಯ ಅಧ್ಯಕ್ಷರ ಹಳೆಯ ಮನೆಗೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಅವರು ಅದನ್ನು ಜಾಹೀರಾತಿನ ಕಾಗದಗಳ ಜೊತೆ ಕಸಕ್ಕೆ ಹಾಕಿರುತ್ತಾರೆ. ಅದಕ್ಕೇ ನಾನು ಅನ್ನುವುದು, ಲ್ಯಾಪ್‌ಟಾಪಿಗಿಂತ ಮೊದಲು ಸಂಘಕ್ಕೆ ತನ್ನದೇ ಒಂದು ಇಮೇಲು ವಿಳಾಸ ಇರಬೇಕು. ಅಧ್ಯಕ್ಷರದಲ್ಲ, ಅಧ್ಯಕ್ಷರ ಯಜಮಾನರದಲ್ಲ, ಸಂಘದ್ದು. ಬೀಗದ ಕೈ ಮೂವರ ಹತ್ತಿರ ಇರಬೇಕು. ಕಮಿಟಿ ಬದಲಾದ ದಿನ ಹಾರ ಹಾಕುವುದಕ್ಕೆ ಮೊದಲು ಬೀಗದ ಕೈ ಕೊಡಬೇಕು. ಇಷ್ಟು ಮಾಡಿದರೆ ಅರ್ಧ ತಲೆನೋವು ಹೋಯಿತು, ಅಲ್ವಾ?

ಡಿಸೆಂಬರ್ ಬಂತು ಅಂದರೆ ಇಲ್ಲಿಯ ಸಂಸ್ಥೆಗಳಿಗೆಲ್ಲ ಸುಗ್ಗಿ. ನೀವು ನೂರು ಡಾಲರ್ ಕೊಟ್ಟರೆ ನಿಮ್ಮ ಕಂಪನಿಯೂ ನೂರು ಸೇರಿಸುತ್ತದೆ, ಒಂದೊಂದು ಕಡೆ ನೀವು ದುಡಿದ ಗಂಟೆಗಳಿಗೂ ದುಡ್ಡು ಕೊಡುತ್ತಾರೆ. 1991ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಶುರುಮಾಡಿದ ‘ಆಶಾ ಫಾರ್ ಎಜುಕೇಶನ್’ನಲ್ಲಿ ಇವತ್ತಿಗೂ ಸ್ವಯಂಸೇವಕರೇ ಎಲ್ಲ. 1998ರಲ್ಲಿ ಶುರುವಾದ ಮಿಲ್‌ಪಿಟಾಸಿನ ಶಂಕರ ಐ ಫೌಂಡೇಶನ್ನಿನವರು ಇಲ್ಲಿ ಕಲೆಹಾಕುವ ಹಣ ಭಾರತದ ಕಣ್ಣಾಸ್ಪತ್ರೆಗಳಿಗೆ ಹೋಗುತ್ತದೆ, ನಮ್ಮ ಬೆಂಗಳೂರು, ಶಿವಮೊಗ್ಗದಲ್ಲೂ ಶಂಕರ ಕಣ್ಣಾಸ್ಪತ್ರೆ ಇದೆಯಲ್ಲ. ಇಂಥವರಿಗೆ ದುಡ್ಡು ಸೇರಿಸುವ ಆ ಕಂಪನಿಗಳ ದೇಣಿಗೆ ಪೋರ್ಟಲುಗಳೆಲ್ಲ ವರವೇ. ಆದರೆ ಒಂದೊಂದು ಕಂಪನಿಗೂ ಒಂದೊಂದು ಪೋರ್ಟಲು. ಯಾರು ಕೊಟ್ಟರು, ಯಾವಾಗ ಕೊಟ್ಟರು ಅಂತ ತಾಳೆ ನೋಡಲು ಜನವರಿ ಪೂರ್ತಿ ಯಾರಾದರೂ ರಾತ್ರಿ ಊಟ ಆದ ಮೇಲೆ ಕೂರಬೇಕು. ಕೊಟ್ಟವರ ಹೆಸರು ಅಲ್ಲಿಯೂ ಎಫ್‌ಎನ್‌ಯು!

ಸೇಲ್ಸ್‌ಫೋರ್ಸಿನವರು ಸೇವಾ ಸಂಸ್ಥೆಗಳಿಗೆ ಇಂಥ ಲಿಸ್ಟು ಇಡುವ ತಂತ್ರಾಂಶವನ್ನು ಹತ್ತು ಜನ ಬಳಸುವಷ್ಟು ಪುಕ್ಕಟೆ ಕೊಡುತ್ತಾರೆ. ಗೂಗಲಿನವರು ತಿಂಗಳಿಗೆ ಹತ್ತು ಸಾವಿರ ಡಾಲರಿನಷ್ಟು ಜಾಹೀರಾತು ಪುಕ್ಕಟೆ ಕೊಡುತ್ತಾರೆ. ದೊಡ್ಡ ಸಂಸ್ಥೆಗಳಿಗೆ ಅದರಿಂದ ನಿಜವಾಗಿ ಉಪಕಾರವಾಗಿದೆ. ಮುನ್ನೂರು ಮನೆಯ ಸಣ್ಣ ಸಂಘಕ್ಕೆ ಅದನ್ನೆಲ್ಲ ತಂದು ಕೂರಿಸಿದರೆ ಮೂಗಿಗಿಂತ ಮೂಗುತಿ ಭಾರ. ಒಂದು ಕಾಲಂ ಸೇರಿಸಬೇಕಾದರೂ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಎಲ್ಲರಿಗೂ ಓದಲು ಬರುವ ಒಂದು ಎಕ್ಸೆಲ್ ಶೀಟು, ಅದರ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಇದ್ದರೆ ಅದೇ ಚಿನ್ನ. ನನ್ನ ಅಭಿಪ್ರಾಯ ಗಟ್ಟಿಯಾಗಿದೆ ಇದರಲ್ಲಿ: ಮುಂದಿನವರಿಗೆ ಅರ್ಥವಾಗದ ಉಪಕರಣ ಎಷ್ಟೇ ಚೆಂದವಿದ್ದರೂ ಸಂಘಕ್ಕೆ ಬೇಡ.

ದಾನ ಕೊಡುವವರಿಗೂ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. “ನನ್ನ ದುಡ್ಡು ಪೂರ್ತಿ ಮಕ್ಕಳಿಗೇ ಹೋಗಬೇಕು, ಆಫೀಸು ಖರ್ಚಿಗೆ ಬೇಡ” ಅಂತ ನಾವೆಲ್ಲ ಅನ್ನುತ್ತೇವೆ. ಮಕ್ಕಳ ಹಾಜರಿ ಬರೆಯುವ ಲ್ಯಾಪ್‌ಟಾಪು ಯಾವ ಖರ್ಚು? ಕಣ್ಣಿನ ಆಪರೇಷನ್ನಿನ ಪಟ್ಟಿ ಇಡುವ ಹುಡುಗಿಯ ಸಂಬಳ ಯಾವ ಖರ್ಚು? ನೆರವು ಬೇಡಿ ಬಂದ ಹೆಂಗಸಿನ ಹೆಸರು, ಅವಳು ಅಡಗಿರುವ ಮನೆಯ ವಿಳಾಸ ಹೊರಗೆ ಬೀಳದ ಹಾಗೆ ಕಾಯುವುದಕ್ಕೆ ಒಳ್ಳೆಯ ಬೀಗ ಬೇಡವಾ? 1991ರಿಂದ ದಕ್ಷಿಣ ಏಷ್ಯಾದ ಹೆಂಗಸರಿಗೆ ನೆರವಾಗುತ್ತಿರುವ ‘ಮೈತ್ರಿ’ಯಂಥ ಸಂಸ್ಥೆಗೆ ಅದು ಜೀವದ ಪ್ರಶ್ನೆ. ಅದಕ್ಕೆಂದೇ ಬರೆದು ಹಣ ಕೊಟ್ಟರೆ ಎಷ್ಟು ಚೆನ್ನ.

ಉಪಕರಣ ಅಂದರೆ ಕಂಪ್ಯೂಟರೇ ಆಗಬೇಕು ಅಂತಲೂ ಇಲ್ಲ. ‘ಡಿಜಿಟಲ್ ಗ್ರೀನ್’ ಗೊತ್ತಲ್ಲ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿಯವರು ಪ್ರಯೋಗ ಅಂತ ಶುರುಮಾಡಿದ್ದು. ರೈತರೇ ರೈತರಿಗೆ ಹೇಳುವ ಸಣ್ಣ ವಿಡಿಯೋ, ಊರಿನ ಗೋಡೆಯ ಮೇಲೆ ಪುಟ್ಟ ಪ್ರೊಜೆಕ್ಟರಿನಲ್ಲಿ. ಸಿನಿಮಾ ಮುಗಿದ ಮೇಲೆ ಜನ ಗೊಬ್ಬರದ ಪ್ರಮಾಣ ಕೇಳುವುದಕ್ಕೆ ಮೊದಲು ಕೇಳುವುದು ಏನು ಗೊತ್ತಾ? ವಿಡಿಯೋದಲ್ಲಿದ್ದ ರೈತನ ಹೆಸರೇನು, ಯಾವ ಊರಿನವನು? ನಮ್ಮ ಜನ ಅಂದರೆ ಹಾಗೇ.

ಇನ್ನು ನನಗೆ ಬಹಳ ಹತ್ತಿರದ ವಿಷಯ, ಸ್ಮರಣ ಸಂಚಿಕೆ. ಕನ್ನಡ ಕೂಟದ ‘ಸ್ವರ್ಣಸೇತು’ ನಿಮ್ಮ ಮನೆಯಲ್ಲೂ ಇರಬೇಕು, ಗೋಲ್ಡನ್ ಗೇಟಿನ ಹೆಸರಿಟ್ಟುಕೊಂಡದ್ದು. ಇಂಥ ಸಂಚಿಕೆಗಳನ್ನು ತರುವುದೇ ಈ ನಾಡಿನ ಸಂಘಗಳ ದೊಡ್ಡ ಸಡಗರ. ‘ಬರಹ’, ‘ನುಡಿ’ ಅನ್ನುವ ತಂತ್ರಾಂಶಗಳು ಬಂದ ಮೇಲೆ ಎಲ್ಲರೂ ಕಂಪ್ಯೂಟರಿನಲ್ಲೇ ಬರೆದು ಕಳಿಸಲು ಶುರುಮಾಡಿದರು. ಆಗಿನ ಕಡತಗಳನ್ನು ಈಗ ತೆರೆದು ನೋಡಿ! ಆ ಫಾಂಟು ಇಲ್ಲದಿದ್ದರೆ ಇಂಗ್ಲಿಷಿನ ಚೂರುಪಾರು, ತಲೆಯ ಮೇಲೆ ಗೀರು ಎಳೆದ ‘ಎ’ಗಳು. ‘ಕನ್ನಡ’ ಅನ್ನುವ ಮೂರಕ್ಷರದ ನಟ್ಟನಡುವೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಕೂತಿರುತ್ತದೆ. ಯಾರದೋ ಮೊದಲ ಕವಿತೆ, ಯಾರದೋ ತಾಯಿ ಹೇಳಿ ಬರೆಸಿದ ಅಡುಗೆ, ತೀರಿಕೊಂಡ ಹಿರಿಯರೊಬ್ಬರ ವಲಸೆಯ ಕಥೆ, ಎಲ್ಲ ಪೌಂಡು, ಗೀರು. ಅದನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶ ಇದೆ, ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಂದೊಂದೂ ಕಣ್ಣಿಟ್ಟು ನೋಡಬೇಕು.

ಯೂನಿಕೋಡ್ ಅಂದೆನಲ್ಲ, ಅದೂ ಇಲ್ಲಿಯದೇ ಲಾಭಕ್ಕಲ್ಲದ ಸಂಸ್ಥೆ, 1991ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾದದ್ದು. ಕನ್ನಡಕ್ಕೆ ಅದರಲ್ಲಿ 128 ಸ್ಥಾನ ಮೀಸಲು. ನೀವು ವಾಟ್ಸಾಪಿನಲ್ಲಿ ಮೊಮ್ಮಗನಿಗೆ ‘ಕಂದಾ’ ಅಂತ ಬರೆದರೆ ಅದು ಬೆಂಗಳೂರಲ್ಲೂ ‘ಕಂದಾ’ ಅಂತಲೇ ಕಾಣುತ್ತದಲ್ಲ, ಆ ಉಪಕಾರ ಅವರದು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೂ ಅಲ್ಲಿ ಜಾಗ ಸಿಕ್ಕಿತು, ಉಡುಪಿ ಕಡೆಯ ನೆಂಟರಿಗೆ ಹೇಳಿ. ಇನ್ನೊಂದು ಸೊಗಸು ಕೇಳಿ: ನೂರು ಡಾಲರಿನಿಂದ ಶುರು, ಒಂದು ಅಕ್ಷರವನ್ನು ‘ದತ್ತು’ ತೆಗೆದುಕೊಳ್ಳಬಹುದು, ಹಣ ಸಣ್ಣ ಭಾಷೆಗಳ ಕೆಲಸಕ್ಕೆ ಹೋಗುತ್ತದೆ. ಮೊಮ್ಮಗುವಿನ ನಾಮಕರಣಕ್ಕೆ ಬೆಳ್ಳಿ ಲೋಟದ ಜೊತೆ ‘ಳ’ ಅಕ್ಷರವನ್ನು ಕೊಟ್ಟರೆ ಎಷ್ಟು ಚೆಂದ ಅಂತ ನನಗೊಂದು ಆಸೆ.

ಕಡತ ಸರಿಹೋದ ಮೇಲೆ ಎಲ್ಲಿಡುವುದು? ಅದಕ್ಕೂ ಜಾಗ ಇಲ್ಲೇ ಇದೆ. ಸ್ಯಾನ್‌ಫ್ರಾನ್ಸಿಸ್ಕೋದ ಫನ್‌ಸ್ಟನ್ ಅವೆನ್ಯೂದಲ್ಲಿ ಬಿಳಿ ಕಂಬಗಳ ಒಂದು ಹಳೆಯ ಚರ್ಚು ಇದೆಯಲ್ಲ, ಇಂಟರ್ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ 1996ರಲ್ಲಿ ಶುರುಮಾಡಿದ ಸಂಸ್ಥೆ, 2009ರಲ್ಲಿ ಈ ಕಟ್ಟಡ ಕೊಂಡರು. ತಮಾಷೆ ಅಂದರೆ ಸಂಸ್ಥೆಯ ಲಾಂಛನದಲ್ಲಿ ಆಗಲೇ ಕಂಬಗಳ ಗುಡಿಯೇ ಇತ್ತು, ಅದಕ್ಕೆ ತಕ್ಕ ಕಟ್ಟಡ ಆಮೇಲೆ ಸಿಕ್ಕಿತು. ಒಳಗೆ ಹೋದರೆ ಪ್ರಾರ್ಥನೆಯ ಬೆಂಚುಗಳ ಪಕ್ಕದಲ್ಲಿ ಸಾಲಾಗಿ ಮಣ್ಣಿನ ಗೊಂಬೆಗಳು. ಮೂರು ವರ್ಷ ಅಲ್ಲಿ ದುಡಿದವರಿಗೆಲ್ಲ ಅವರದೇ ಒಂದು ಗೊಂಬೆ, ಕನ್ನಡಕ, ಗಡ್ಡ, ಕೈಯಲ್ಲಿ ಪುಸ್ತಕ ಸಮೇತ, ದಸರಾ ಗೊಂಬೆ ಕೂರಿಸಿದ ಹಾಗೆ. ಹಿಂದುಗಡೆ ಗೋಡೆಯ ಗೂಡಿನಲ್ಲಿ ಸರ್ವರುಗಳು ಮಿಣಮಿಣ ಅನ್ನುತ್ತಿರುತ್ತವೆ, ಲೋಕದಲ್ಲಿ ಯಾರೋ ಏನೋ ತೆರೆದು ಓದುತ್ತಿದ್ದಾರೆ ಅಂತ ಅರ್ಥ.

ಅದರಲ್ಲಿ ಕನ್ನಡವೂ ಇದೆ ಇವ್ರೇ, ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಗೆಳೆಯರು, ಇಲ್ಲಿಯ ಕಾರ್ಲ್ ಮಾಲಮುಡ್ ಅವರ ಜೊತೆ ಸೇರಿ, ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಅನ್ನುವ ಹೆಸರಿನಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಏರಿಸುತ್ತಿದ್ದಾರೆ. ಪುಟ ತಿರುಗಿಸುವುದು ಇವತ್ತಿಗೂ ಕೈಯಲ್ಲೇ, ಹಳೆಯ ಹಾಳೆ ಮುರಿದೀತು ಅಂತ ಮೆಲ್ಲಗೆ. ಬೆಂಗಳೂರಿನಲ್ಲಿ ಬಿಡಿಸಿದ ಪುಸ್ತಕ ಈ ಊರಿನ ಸಂಸ್ಥೆಯಲ್ಲಿ ಕೂತು ಕಾಸರಗೋಡಿನ ಹುಡುಗಿಯೊಬ್ಬಳಿಗೆ ಓದಲು ಸಿಗುತ್ತದೆ, ದುಡ್ಡಿಲ್ಲದೆ. ಕೊಲ್ಲಿಯ ಈ ಸೀಮೆಯಲ್ಲಿ ಕಂಪ್ಯೂಟರಿನಿಂದ ಆದ ಕೆಲಸಗಳಲ್ಲಿ ಇದಕ್ಕಿಂತ ಹೆಮ್ಮೆಯದು ನನಗೆ ಬೇರೆ ಕಾಣುವುದಿಲ್ಲ.

ನಮ್ಮ ಸಂಘಗಳ ಸಂಚಿಕೆ, ಕರೆಯೋಲೆ, ನಾಟಕದ ಫೋಟೋ, ಲೆಕ್ಕಪತ್ರ ಎಲ್ಲ ಅಲ್ಲಿಗೆ ಹೋಗಬೇಕು ಅನ್ನುವುದು ನನ್ನ ಹಟ. ಏರಿಸುವುದು ಪುಕ್ಕಟೆ, ಒಂದು ಖಾತೆ ಸಾಕು. ಆ ಖಾತೆ ಸಂಘದ ಇಮೇಲಿನಲ್ಲಿರಬೇಕು, ನನ್ನದರಲ್ಲಿ ಬೇಡ. ಎಂಬತ್ತರ ದಶಕದ ಸಂಚಿಕೆಗಳೇ ಸಿಗುತ್ತಿಲ್ಲ, ಹಿರಿಯರು ಮನೆ ಖಾಲಿ ಮಾಡುವಾಗ ಮಕ್ಕಳಿಗೆ ಓದಲು ಬಾರದೆ ಮರುಬಳಕೆಯ ನೀಲಿ ಡಬ್ಬಿಗೆ ಹೋಗುತ್ತಿವೆ. ನಿಮ್ಮ ಅತ್ತೆಯವರ ಟ್ರಂಕು ಇನ್ನೂ ಗ್ಯಾರೇಜಿನಲ್ಲೇ ಇದೆ ಅಂದಿದ್ದಿರಲ್ಲ, ಅದರಲ್ಲಿ ಕೂಟದ ಕಾಗದ ಏನಾದರೂ ಇದೆಯಾ ಅಂತ ಒಮ್ಮೆ ನೋಡ್ತೀರಾ? ಶನಿವಾರ ಮಧ್ಯಾಹ್ನ ಸ್ಕ್ಯಾನರ್ ಹಿಡಿದುಕೊಂಡು ನಾನೇ ಬರ್ತೀನಿ, ಟ್ರಂಕಿನ ಬೀಗದ ಕೈ ಮಾತ್ರ ಹುಡುಕಿಟ್ಟಿರಿ.